ಉರುಳೆಗೆ ಸುತ್ತಿದ ದಾರ

ಮೆಟ್ಟಿಲ ಕೆಳಗಿನ ಆ ಗೂಡಿನಂಥ ಅಂಗಡಿಯಲ್ಲಿ ನೆಟ್ಟಗೆ ನಿಲ್ಲಲು ಜಾಗವಿರಲಿಲ್ಲ. ಒಳಗೆ ಬಂದವರು ಯಾರೇ ಆಗಲಿ, ರೇಡಿಯೋ ತಾತನ ಮುಂದೆ ತಲೆ ಬಗ್ಗಿಸಲೇಬೇಕು. "ನನಗೆ ಸಿಗೋ ಮರ್ಯಾದೆ ಇಷ್ಟೇ, ಅದೂ ಈ ಮೆಟ್ಟಿಲು ಕೊಡಿಸಿದ್ದು," ಎಂದು ಹೇಳಿ ಅವನು ತಾನೇ ನಗುತ್ತಿದ್ದ. ರೇಡಿಯೋಗಳು ರಿಪೇರಿಗೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಈಗ ಬರುತ್ತಿದ್ದುದು ಟೇಬಲ್ ಫ್ಯಾನು, ಇಸ್ತ್ರಿ ಪೆಟ್ಟಿಗೆ, ಸುಟ್ಟ ವಾಸನೆಯ ಮಿಕ್ಸಿ. ಹೆಸರು ಮಾತ್ರ ಹಳೆಯದೇ ಅಂಟಿಕೊಂಡಿತ್ತು.

ಅವತ್ತು ಬಗ್ಗಿಕೊಂಡು ಒಳಗೆ ಬಂದವಳು ಅವನ ಅಕ್ಕ. ನೀಲಿ ಉಣ್ಣೆಯ ಶಾಲನ್ನು ಮೈತುಂಬ ಹೊದ್ದಿದ್ದಳು. ಶಾಲಿನೊಳಗಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತೆಗೆದು, ಶಾಲಿನ ಅಂಚಿನಲ್ಲೇ ಹಿಡಿದು ಅವನ ಕೆಲಸದ ಹಲಗೆಯ ಮೇಲೆ ಇಟ್ಟಳು.

"ಪುಟ್ಟ, ಇದರ ಬಾಲ ಬದಲಿಸಿ ಕೊಡೋ."

ಅರವತ್ತು ದಾಟಿ, ಹಲ್ಲು ಉದುರಿಸಿಕೊಂಡವನನ್ನು ಪುಟ್ಟ ಎಂದು ಕರೆಯುವವರು ಲೋಕದಲ್ಲಿ ಉಳಿದಿದ್ದು ಅವಳೊಬ್ಬಳೇ. ಅವನು ಬಟ್ಟೆ ಬಿಚ್ಚಿ ನೋಡಿದ. ಕಂಪ್ಯೂಟರಿನ ಹಳೆಯ ಮೌಸು. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು, ಈಗ ಹಳದಿಗಟ್ಟಿ ಮುದುಕರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯಲ್ಲಿ ರಬ್ಬರಿನ ಗುಂಡು ಉರುಳುವ ಜಾತಿಯದು. ಬಾಲದ ತುದಿಯಲ್ಲಿ ಗುಂಡನೆಯ ಪ್ಲಗ್ಗು, ಅದರೊಳಗೆ ಸೂಜಿಯಂಥ ಕಡ್ಡಿಗಳು.

"ಇದನ್ನ ಎಲ್ಲಿಂದ ಅಗೆದು ತಂದೆ ಅಕ್ಕ? ಇದಕ್ಕೆ ರಿಪೇರಿ ಅಲ್ಲ, ಮಣ್ಣು ಮಾಡ್ಬೇಕು."

"ಬಾಯಿ ಮುಚ್ಚು. ನಿನಗಿಂತ ಚೆನ್ನಾಗಿ ಕೆಲಸ ಮಾಡತ್ತೆ ಅದು. ಹೊಸ ಕಂಪ್ಯೂಟರ್ ತಂದಿದಾರೆ, ಅದರಲ್ಲಿ ಈ ಗುಂಡು ಪ್ಲಗ್ಗಿಗೆ ತೂತೇ ಇಲ್ಲ. ಎಲ್ಲಾ ಚಪ್ಪಟೆ ತೂತು."

ಅಕ್ಕ ಕೆಲಸಕ್ಕಿದ್ದದ್ದು ಕಲ್ಲಿನ ಅಂಗಡಿಯಲ್ಲಿ. ಮನೆ ಮುಂದಿನ ಹೆಸರಿನ ಕಲ್ಲು, ಸಮಾಧಿಯ ಕಲ್ಲು, ಕಟ್ಟಡದ ಗೋಡೆಗೆ ಕೂರಿಸುವ ಕಲ್ಲು, ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು. ಮೊದಲು ಅವಳು ಕುಂಚದಲ್ಲಿ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಳು, ಉಳಿ ತಾತ ಎಂಬ ಒಬ್ಬ ಕೆಲಸಗಾರ ಅದರ ಮೇಲೆ ಕೆತ್ತುತ್ತಿದ್ದ. ಆಮೇಲೆ ಕೆತ್ತುವ ಯಂತ್ರ ಬಂತು. ಅಚ್ಚಿನ ಅಕ್ಷರಗಳನ್ನು ಯಂತ್ರವೇ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ಆದರೆ ಯಾರದೋ ಸಹಿ, ಯಾರದೋ ಕೈಬರಹ, ಒಂದು ಮುಖದ ಚಿತ್ರ ಕಲ್ಲಿಗೆ ಇಳಿಯಬೇಕಾದರೆ ಒಬ್ಬ ಮನುಷ್ಯ ಪರದೆಯ ಮುಂದೆ ಕುಳಿತು ಅದರ ಮೇಲೆ ಗೆರೆ ಎಳೆದುಕೊಡಬೇಕು. ತಲೆ ನರೆತ ಮೇಲೆ ಮೌಸು ಹಿಡಿಯಲು ಕಲಿತ ಅಕ್ಕ ಆ ಕೆಲಸವನ್ನು ತನ್ನದಾಗಿಸಿಕೊಂಡಿದ್ದಳು. ಅಂಗಡಿಯವರೆಲ್ಲ ಅವಳನ್ನು ಅಕ್ಷರದಮ್ಮ ಎಂದೇ ಕರೆಯುತ್ತಿದ್ದರು.

"ಹೊಸ ಕಂಪ್ಯೂಟರಿನ ಜೊತೆ ಹೊಸ ಮೌಸು ಕೊಟ್ಟಿರ್ತಾರಲ್ಲ?"

"ಕೊಟ್ಟಿದಾರೆ. ಅಡಿಯಲ್ಲಿ ಕೆಂಪು ದೀಪ ಉರಿಯೋದು. ಅದು ಕೈಗೇ ಸಿಗಲ್ಲ ಕಣೋ. ಉಸಿರು ಬಿಟ್ರೆ ಓಡತ್ತೆ."

"ರೂಢಿ ಮಾಡ್ಕೋ."

"ನೀನು ಹೊಸ ಹಲ್ಲು ಕಟ್ಟಿಸ್ಕೊಂಡು ರೂಢಿ ಮಾಡ್ಕೊಂಡ್ಯಾ? ಡಬ್ಬಿಯಲ್ಲೇ ಇಟ್ಟಿದೀಯಲ್ಲ?"

ಅವನು ಸೋತು ನಕ್ಕ. ಆದರೆ ಅಕ್ಕ ನಗಲಿಲ್ಲ. ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದಳು.

"ಚಿಕ್ಕ ಯಜಮಾನ ಮುಖ ಮುರಿದು ಹೇಳಲಿಲ್ಲ, ಆದ್ರೂ ಹೇಳಿದ. ಸೋಮವಾರದವರೆಗೆ ನೋಡ್ತೀನಿ ಅಕ್ಷರದಮ್ಮ, ಹೊಸ ಯಂತ್ರದಲ್ಲಿ ನಿಮ್ಮ ಕೈ ಕೂತ್ರೆ ಸರಿ, ಇಲ್ಲಾಂದ್ರೆ ಬೇರೆಯವರನ್ನ ಕೂರಿಸ್ತೀನಿ, ನೀವು ಅಂಗಳ ನೋಡ್ಕೊಳ್ಳಿ ಅಂದ."

ಅಂಗಳ ಎಂದರೆ ಏನೆಂದು ರೇಡಿಯೋ ತಾತನಿಗೆ ಗೊತ್ತಿತ್ತು. ಅಂಗಡಿಯ ಹಿಂಬದಿಯ ಸಿಮೆಂಟಿನ ಜಾಗ. ಕೆತ್ತಿ ಮುಗಿದ ಕಲ್ಲುಗಳನ್ನು ಅಲ್ಲಿ ನೀರು ಹಾಕಿ ಉಜ್ಜಬೇಕು. ನೆಲ ಎಂದೂ ಒಣಗುವುದಿಲ್ಲ, ಗಾಳಿಯಲ್ಲಿ ಎಂದೂ ಕಲ್ಲಿನ ಹುಡಿ ಇಲ್ಲದೆ ಇರುವುದಿಲ್ಲ. ಕಣ್ಣು ಮಂಜಾದ ಮೇಲೆ ಉಳಿ ತಾತನನ್ನು ಅಲ್ಲಿಗೆ ಹಾಕಿದ್ದರು. ಚಳಿ ಮುಗಿಯುವುದರೊಳಗೆ ಎದೆ ಕಟ್ಟಿ, ಕೆಮ್ಮಿ ಕೆಮ್ಮಿ, ಅಂಗಳದಿಂದಲೇ ಅವನನ್ನು ಎತ್ತಿಕೊಂಡು ಹೋಗಿದ್ದರು. ಅಂದಿನಿಂದ ಅಲ್ಲಿಯ ಕೆಲಸಗಾರರು ಅಂಗಳ ಎಂಬ ಮಾತನ್ನು ತಗ್ಗಿದ ದನಿಯಲ್ಲೇ ಆಡುತ್ತಿದ್ದರು.

"ಆಗಲಿ ಬಿಡು, ಮಾಡಿಕೊಡ್ತೀನಿ," ಎಂದ. "ಟೀ ತರಿಸ್ಲಾ?"

"ಬೇಡ. ಈಗ ತಾನೇ ಕುಡಿದೆ."

ಈಚೆಗೆ ಯಾವಾಗ ಕೇಳಿದರೂ ಅವಳು ಈಗ ತಾನೇ ಕುಡಿದಿರುತ್ತಿದ್ದಳು. ವಯಸ್ಸಾಯಿತು, ಟೀ ಬಿಟ್ಟಿರಬೇಕು ಎಂದುಕೊಂಡಿದ್ದ ಅವನು. ಶಾಲು ಬಿಟ್ಟು ಕೈ ಹೊರಗೆ ತೆಗೆಯದಿದ್ದದ್ದನ್ನೂ ನೋಡಿದ್ದ. ಚಳಿ ಎಂದುಕೊಂಡಿದ್ದ.

ಹೊರಟವಳು ಮತ್ತೆ ಬಗ್ಗಿ ಒಳಗೆ ಇಣುಕಿದಳು. "ಪುಟ್ಟ, ತುದಿ ಮಾತ್ರ ಬದಲಿಸು. ಒಳಗೆಲ್ಲ ಕೈ ಹಾಕ್ಬೇಡ."

"ಆಯ್ತಮ್ಮ ಮಹಾತಾಯಿ."

* * *

ತುದಿ ಬದಲಿಸುವುದರಲ್ಲೇ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಹಾಗೇ ಶುರು ಮಾಡಿದ್ದ. ಕೆಟ್ಟುಹೋದ ಬೇರೊಂದು ಮೌಸಿನ ಚಪ್ಪಟೆ ಬಾಲ ಕತ್ತರಿಸಿ, ಒಳಗಿನ ನಾಲ್ಕು ತಂತಿಯನ್ನು ಹಳೆಯದರ ನಾಲ್ಕು ತಂತಿಗೆ ಕೂಡಿಸಿ, ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿದ. ಪರದೆಯ ಮೇಲಿನ ಬಾಣ ಕಲ್ಲಿನಂತೆ ಕೂತಿತ್ತು. ತಂತಿ ಅದಲು ಬದಲು ಮಾಡಿ ನೋಡಿದ. ಊಹೂಂ.

"ಅದರ ಭಾಷೆ ಇದಕ್ಕೆ ತಿಳಿಯಲ್ಲ ತಾತ," ಎಂದಳು ಜೆರಾಕ್ಸ್ ಅಂಗಡಿಯ ಹೆಣ್ಣುಮಗಳು. "ತಂತಿ ಕೂಡಿಸಿದ ಮಾತ್ರಕ್ಕೆ ಮಾತು ಬರಲ್ಲ. ಒಳಗಿನ ಚಿಪ್ಪೇ ಬೇರೆ."

ಅವನಿಗೂ ಅದು ಸರಿ ಎನ್ನಿಸಿತು. ನಾಲಿಗೆಯೇ ಬೇರೆ ಆಗಬೇಕು. ಹಾಗಾದರೆ ಚಪ್ಪಟೆ ಬಾಲದ್ದೇ ಆಗಿ, ಹೊಟ್ಟೆಯಲ್ಲಿ ಗುಂಡು ಉರುಳುವ ಮೌಸು ಎಲ್ಲಿಯಾದರೂ ಸಿಕ್ಕೀತೇ? ನಡುವಿನ ಕಾಲದಲ್ಲಿ ಅಂಥವು ಒಂದಷ್ಟು ಬಂದು ಹೋಗಿದ್ದವು. ಅವನು ಗುಜರಿಯವನ ಹತ್ತಿರ ಹೋಗಿ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಏನು ಹುಡುಕ್ತಿದೀಯ? ಹೋದ ಯೌವನನಾ?" ಎಂದ ಗುಜರಿಯವನು.

"ಅದು ನಿನ್ನ ಗುಡ್ಡೆಯಲ್ಲಿ ಸಿಕ್ಕಿದ್ರೆ ನೀನೇ ಮೊದಲು ಹಾಕ್ಕೊಂಡು ಓಡಾಡ್ತಿದ್ದೆ. ಇಲಿ ಹುಡುಕ್ತಿದೀನಿ. ಗುಂಡಿರೋ ಇಲಿ, ಚಪ್ಪಟೆ ಬಾಲದ್ದು."

ಕೊನೆಗೂ ಒಂದು ಸಿಕ್ಕಿತು. ಮೇಲಿನ ಕವಚ ಒಡೆದಿತ್ತು, ಗುಂಡು ಎಲ್ಲೋ ಕಳೆದುಹೋಗಿತ್ತು. ಅವನಿಗೆ ಬೇಕಾಗಿದ್ದು ಅದರ ಒಳಗಿನ ಹಸಿರು ಸರ್ಕ್ಯೂಟ್ ಹಲಗೆ ಮಾತ್ರ.

ಭಾನುವಾರ ಮಧ್ಯಾಹ್ನ, ಗಿರಾಕಿಗಳ ಕಾಟವಿಲ್ಲದ ಹೊತ್ತಿನಲ್ಲಿ, ದೀಪವನ್ನು ಹಲಗೆಯ ಮೇಲಕ್ಕೆ ಎಳೆದುಕೊಂಡು ಅವನು ಅಕ್ಕನ ಮೌಸನ್ನು ಬಿಚ್ಚಿದ. ಒಳಗೆ ರಬ್ಬರಿನ ಗುಂಡು, ಅದರ ಮಗ್ಗುಲಿಗೆ ಒತ್ತಿಕೊಂಡ ಎರಡು ಸಣ್ಣ ಉರುಳೆ. ಗುಂಡು ಉರುಳಿದರೆ ಉರುಳೆ ತಿರುಗುತ್ತದೆ, ಉರುಳೆ ತಿರುಗಿದರೆ ಅದರ ತುದಿಯಲ್ಲಿರುವ ಸೀಳು ಸೀಳಿನ ಚಕ್ರ ತಿರುಗುತ್ತದೆ. ಚಕ್ರದ ಒಂದು ಬದಿಗೆ ಪುಟ್ಟ ದೀಪ, ಇನ್ನೊಂದು ಬದಿಗೆ ಅದನ್ನು ನೋಡುವ ಕಣ್ಣು. ಎಷ್ಟು ಸೀಳು ದಾಟಿತೆಂದು ಕಣ್ಣು ಹೇಳುತ್ತದೆ, ಬಾಣ ಅಷ್ಟೇ ದೂರ ಓಡುತ್ತದೆ. ಹಳೆಯದರ ಕಣ್ಣುಗಳನ್ನು ಹಾಗೇ ಉಳಿಸಿಕೊಂಡು, ಅವು ಕಂಡದ್ದನ್ನು ಕೂದಲಿನಂಥ ತಂತಿಗಳಿಂದ ಗುಜರಿ ಮೌಸಿನ ಹಲಗೆಗೆ ಮುಟ್ಟಿಸಬೇಕು. ಹಳೆಯ ಕಣ್ಣು, ಹೊಸ ನಾಲಿಗೆ. ಬೆಸುಗೆ ಕಡ್ಡಿ ಕಾಯಿಸಿ, ಉಸಿರು ಬಿಗಿಹಿಡಿದು, ಒಂದೊಂದೇ ತಂತಿ ಕೂಡಿಸಿದ.

ಕೂಡಿಸಿಯಾದ ಮೇಲೆ ಅವನಿಗೆ ಉರುಳೆಗಳ ಮೇಲೆ ಕಣ್ಣು ಬಿತ್ತು. ಅಬ್ಬಾ, ಏನು ಕೊಳೆ! ಕಪ್ಪು ಜಿಡ್ಡು ಗಟ್ಟಿಯಾಗಿ ಬಳೆಯಂತೆ ಕೂತಿತ್ತು. ಅದರ ಮೇಲೆ ನೀಲಿ ಉಣ್ಣೆಯ ದಾರ, ಅಕ್ಕನ ಶಾಲಿನದು. ಎರಡೂ ಉರುಳೆಗಳಿಗೆ ಒತ್ತೊತ್ತಾಗಿ, ಸುತ್ತಿನ ಪಕ್ಕಕ್ಕೆ ಸುತ್ತು ಬಂದು ಬಿಗಿದುಕೊಂಡಿತ್ತು. ಬೆರಳಲ್ಲಿ ತಿರುಗಿಸಿದರೆ ಉರುಳೆ ಗೊಣಗಿಕೊಂಡು ತಿರುಗುತ್ತಿತ್ತು. ಪಾಪ, ಇಂಥದ್ದರಲ್ಲಿ ಇಷ್ಟು ದಿನ ಹೇಗೆ ಕೆಲಸ ಮಾಡಿದಳೋ ಎಂದುಕೊಂಡ. ಫ್ಯಾನಿನ ಅಚ್ಚಿಗೆ ಕೂದಲು ಸಿಕ್ಕಿ ಸುತ್ತಿಕೊಳ್ಳುವುದನ್ನು ದಿನಾ ಕಂಡವನು ಅವನು. ತಿರುಗುವ ವಸ್ತುವಿಗೆ ದಾರ ಸಿಕ್ಕರೆ ತಾನಾಗಿ ಸುತ್ತಿಕೊಳ್ಳುತ್ತದೆ, ಅದರಲ್ಲೇನಿದೆ? ಒಂದು ತುದಿಯಲ್ಲಿ ಸಣ್ಣದೊಂದು ಗಂಟು ಇತ್ತು. ಚಿಮಟದ ತುದಿಗೆ ಅದು ಸಿಗಲಿಲ್ಲ, ಬ್ಲೇಡಿನಿಂದ ಕತ್ತರಿಸಿದ.

ಅವನಿಗೆ ಕೆಲಸ ಕಲಿಸಿದ ಮೇಷ್ಟ್ರು, ಯಾವ ಶಾಲೆಯಲ್ಲೂ ಕಲಿಸದೆ ರೇಡಿಯೋ ಅಂಗಡಿಯಲ್ಲೇ ಮುದುಕನಾದ ಮನುಷ್ಯ, ಒಂದೇ ಒಂದು ನೇಮ ಹಾಕಿಕೊಟ್ಟಿದ್ದ. ಬಂದಾಗ ಇದ್ದ ಕೊಳೆ ವಾಪಸು ಹೋಗಬಾರದು. ರಿಪೇರಿ ಆಗದೇ ಹೋದರೂ ಸರಿ, ಒರೆಸಿ ಕೊಡಬೇಕು. ಆ ನೇಮ ಕೈಗೇ ಹತ್ತಿಬಿಟ್ಟಿತ್ತು. ಹತ್ತಿಗೆ ಸ್ಪಿರಿಟ್ಟು ಅದ್ದಿ ಜಿಡ್ಡು ಬಿಡಿಸಿದ. ಗುಂಡನ್ನು ಸೋಪಿನ ನೀರಲ್ಲಿ ತೊಳೆದ. ಉರುಳೆಯ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಮುಟ್ಟಿಸಿದ. ಮತ್ತೆ ಜೆರಾಕ್ಸ್ ಅಂಗಡಿಗೆ ಹೋಗಿ ಸಿಕ್ಕಿಸಿದಾಗ ಬಾಣ ಪರದೆಯ ಈ ಮೂಲೆಯಿಂದ ಆ ಮೂಲೆಗೆ ಜಾರಿತು.

"ಬೆಣ್ಣೆ ಥರ ಓಡ್ತಿದೆ ತಾತ!" ಎಂದಳು ಹೆಣ್ಣುಮಗಳು.

ರೇಡಿಯೋ ತಾತನ ಎದೆ ಉಬ್ಬಿತು. ಅಕ್ಕನಿಗೆ ತಾನು ಏನನ್ನಾದರೂ ಮಾಡಿಕೊಟ್ಟು ಎಷ್ಟು ಕಾಲವಾಗಿತ್ತು! ಅಪ್ಪ ಸತ್ತು ಶಾಲೆ ಬಿಡಿಸಿದಾಗ ಅವನಿಗೆ ಅರ್ಧ ಅಕ್ಷರವೂ ಬರುತ್ತಿರಲಿಲ್ಲ. ಸಂಜೆ ಹೊತ್ತು ಅಕ್ಕ ಬೆನ್ನ ಹಿಂದೆ ಕೂತು, ಅವನ ಕೈಯನ್ನು ತನ್ನ ಕೈಯೊಳಗೆ ಹಿಡಿದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ತಿದ್ದಿಸುತ್ತಿದ್ದಳು. ಅವಳ ಕೈಯೊಳಗೆ ಇದ್ದಷ್ಟು ಹೊತ್ತು ಅವನ ಗೆರೆ ದಾರ ಎಳೆದಂತೆ ಬರುತ್ತಿತ್ತು. ಇವತ್ತಿಗೂ ಅವನು ಬಲ್ಲ ಅಕ್ಷರಗಳೆಲ್ಲ ಅವಳ ಕೈಯ ಅಕ್ಷರಗಳೇ.

* * *

ಸೋಮವಾರ ಬೆಳಗ್ಗೆ ಮೌಸನ್ನು ಜೇಬಿನಲ್ಲಿಟ್ಟುಕೊಂಡು ಅವನೇ ಕಲ್ಲಿನ ಅಂಗಡಿಗೆ ಹೋದ. ಒಳಗೆ ಆಗಲೇ ಒಬ್ಬ ಗಿರಾಕಿ ಕೂತಿದ್ದ. ಕ್ಷೌರ ಮಾಡಿಸದ ಮುಖ, ತೊಡೆಯ ಮೇಲೆ ಒಂದು ಮರದ ಬಾಗಿಲು. ಬಟ್ಟೆ ಕಪಾಟಿನ ಸಣ್ಣ ಬಾಗಿಲು ಅದು, ತಿರುಪು ಬಿಚ್ಚಿ ಹಾಗೇ ಹೊತ್ತು ತಂದಿದ್ದ. ಅದರ ಒಳಮೈಯಲ್ಲಿ ಬಣ್ಣದ ಬಳಪದಿಂದ ಒಂದು ಮಗು ತನ್ನ ಹೆಸರು ಬರೆದಿತ್ತು. ಮೂರೇ ಅಕ್ಷರ. ಕೊನೆಯ ಅಕ್ಷರದ ಬಾಲ ಮಾತ್ರ ತಿರುವುಮುರುವಾಗಿ ಎಡಕ್ಕೆ ಹೊರಳಿತ್ತು.

"ಹೀಗೇ ಬರಬೇಕು," ಎನ್ನುತ್ತಿದ್ದ ಆತ ಚಿಕ್ಕ ಯಜಮಾನನಿಗೆ. "ಎಷ್ಟು ಹೇಳಿಕೊಟ್ರೂ ಬಾಲ ಈ ಕಡೇನೇ ತಿರುಗಿಸ್ತಿದ್ಲು. ನಾನು ಬೈದೂ ಇದ್ದೆ. ಈಗ ಹೀಗೇ ಬರಬೇಕು."

"ಬರತ್ತೆ ಬಿಡಿ. ನಮ್ಮ ಅಕ್ಷರದಮ್ಮ ಇದ್ದಾರೆ," ಎಂದ ಚಿಕ್ಕ ಯಜಮಾನ. ಅವನು ಕೆಟ್ಟವನಲ್ಲ. ಮಗುವಾಗಿದ್ದಾಗ ಅಕ್ಕನ ಮೇಜಿನ ಕೆಳಗೆ ಆಡಿಕೊಂಡು ಬೆಳೆದವನು. ಬಾಗಿಲಿನ ಬರಹದ ಫೋಟೋ ತೆಗೆದು ಪರದೆಯ ಮೇಲೆ ದೊಡ್ಡದಾಗಿ ಹಾಕಿಟ್ಟಿದ್ದ.

ರೇಡಿಯೋ ತಾತ ಮುಂದೆ ಹೋಗಿ ತಾನೇ ಮೌಸನ್ನು ಸಿಕ್ಕಿಸಿದ. ಬಾಣ ಎದ್ದು ನಿಂತಿತು. "ತಗೋ ಅಕ್ಕ. ನಿನ್ನ ಇಲಿಗೆ ಮರುಜನ್ಮ."

ಅಕ್ಕನ ಮುಖ ಬೆಳಗಿತು. ಅಷ್ಟು ಬೆಳಗಿದ್ದನ್ನು ಅವನು ಈಚೆಗೆ ಕಂಡಿರಲಿಲ್ಲ. ಅವಳು ಶಾಲಿನೊಳಗಿಂದ ಕೈ ತೆಗೆದು ಮೌಸಿನ ಮೇಲಿಟ್ಟು, ಒಂದು ಗೇಣು ಮುಂದಕ್ಕೆ ತಳ್ಳಿದಳು.

ಅಷ್ಟೇ. ಬೆಳಗಿದ ಮುಖ ಹಾಗೇ ನಿಂತುಹೋಯಿತು.

"ಒಳಗೆ ಏನಾದ್ರೂ ತೆಗೆದ್ಯಾ ಪುಟ್ಟ?"

"ಕೊಳೆ ಕಣೇ. ಅದೆಷ್ಟು ಕೊಳೆ, ದಾರ, ಜಿಡ್ಡು!"

"ಎಲ್ಲಾನೂ ತೆಗೆದ್ಯಾ?"

"ಎಲ್ಲಾನೂ," ಎಂದ ಅವನು, ಹೊಗಳಿಕೆಗೆ ಕಾಯುತ್ತ.

ಅಕ್ಕ ಚಿಕ್ಕ ಯಜಮಾನನ ಕಡೆ ತಿರುಗಿ, "ಇದು ಮಧ್ಯಾಹ್ನದ ಮೇಲೆ ಮಾಡಿದ್ರೆ ಆಗಲ್ವಾ?" ಎಂದಳು.

"ಅವರು ಬಾಗಿಲು ಹೊತ್ಕೊಂಡು ದೂರದಿಂದ ಬಂದಿದಾರೆ ಅಕ್ಷರದಮ್ಮ. ಗೆರೆ ಎಳೆದು ತೋರಿಸಿಬಿಡಿ, ನೋಡ್ಕೊಂಡು ಹೋಗ್ತಾರೆ. ಮೂರಕ್ಷರ ತಾನೇ?"

ಮಗುವಿನ ಅಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

ಅಕ್ಕ ಮೊದಲ ಅಕ್ಷರದ ತಲೆಯ ಮೇಲೆ ಬಾಣವನ್ನಿಟ್ಟು ಗೆರೆ ಎಳೆಯತೊಡಗಿದಳು. ಪರದೆಯ ಮೇಲೆ ಬಂದದ್ದು ಗೆರೆಯಲ್ಲ, ಗರಗಸ. ಸಣ್ಣ ಸಣ್ಣ ಹಲ್ಲು, ಮೇಲೆ ಕೆಳಗೆ, ಮೇಲೆ ಕೆಳಗೆ. ಅವಳು ಅಳಿಸಿದಳು. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಒತ್ತಿ ಹಿಡಿದು ಮತ್ತೆ ಎಳೆದಳು. ಹಲ್ಲು ಇನ್ನೂ ದೊಡ್ಡದಾದವು. ರೇಡಿಯೋ ತಾತ ಮೊದಲು ತನ್ನ ಬೆಸುಗೆಯಲ್ಲೇ ಎಲ್ಲೋ ಎಡವಟ್ಟಾಗಿದೆ ಎಂದುಕೊಂಡ. ತಂತಿ ಸಡಿಲವಾದರೆ ಹೀಗಾಗುವುದುಂಟು. ಬಗ್ಗಿ ನೋಡಲು ಹೋದವನ ಕಣ್ಣು ಪರದೆಯಿಂದ ಜಾರಿ ಅಕ್ಕನ ಕೈಯ ಮೇಲೆ ಬಿತ್ತು. ಎಷ್ಟೋ ತಿಂಗಳ ಮೇಲೆ ಶಾಲಿಲ್ಲದೆ ಕಂಡ ಕೈ. ಬಿಚ್ಚಿಟ್ಟ ರೇಡಿಯೋದ ಸ್ಪೀಕರಿನ ಕಾಗದ ದನಿಗೆ ಅದುರುತ್ತದಲ್ಲ, ಹಾಗೆ ಅದುರುತ್ತಿತ್ತು. ತಂತಿಯದು ಏನೂ ತಪ್ಪಿರಲಿಲ್ಲ. ಕಣ್ಣು ಕಂಡದ್ದನ್ನೇ ನಾಲಿಗೆ ಹೇಳುತ್ತಿತ್ತು.

ಅವನಿಗೆ ಆ ನೀಲಿ ದಾರ ನೆನಪಾಯಿತು. ಸುತ್ತಿನ ಪಕ್ಕಕ್ಕೆ ಸುತ್ತು. ತುದಿಯಲ್ಲಿ ಗಂಟು. ದಾರ ತಾನಾಗಿ ಸುತ್ತಿಕೊಳ್ಳಬಹುದು, ತಾನಾಗಿ ಗಂಟು ಹಾಕಿಕೊಳ್ಳುತ್ತದೆಯೇ?

"ನಮ್ಮ ಮಗು ಕೈ ನಡುಗ್ತಿರಲಿಲ್ಲ ಅಮ್ಮ," ಎಂದ ಮಗುವಿನ ಅಪ್ಪ. ಬೈಯಲಿಲ್ಲ. ಮೆಲ್ಲಗೆ, ಒಂದು ವಿಷಯ ತಿಳಿಸುವವನಂತೆ ಹೇಳಿದ. "ಒತ್ತಿ ಬರೀತಿದ್ಲು. ಬಳಪ ಮುರಿಯೋ ಹಾಗೆ."

ಅಕ್ಕ ಮೌಸಿನಿಂದ ಕೈ ತೆಗೆದಳು.

ಚಿಕ್ಕ ಯಜಮಾನ ಪರದೆಯನ್ನು ನೋಡಿದ, ಹಳದಿ ಮೌಸನ್ನು ನೋಡಿದ, ಕೈಯನ್ನು ನೋಡಿದ. "ಅದಕ್ಕೇನಾ ಹಳೇದೇ ಬೇಕು ಅಂದಿದ್ದು?" ಎಂದ. ಉತ್ತರಕ್ಕೆ ಕಾಯದೆ ಗಿರಾಕಿಯ ಕಡೆ ತಿರುಗಿ, "ಬಾಗಿಲು ಇಲ್ಲೇ ಬಿಟ್ಟು ಹೋಗಿ. ವಾರದಲ್ಲಿ ಮಾಡಿಸಿಡ್ತೀನಿ. ಬೇರೆಯವರ ಕೈಲಿ," ಎಂದ.

ಆತ ಬಾಗಿಲನ್ನು ಬಿಟ್ಟು ಹೋಗಲು ಮನಸ್ಸಿಲ್ಲದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಗೋಡೆಗೆ ಒರಗಿಸಿ, ಬರಹ ಒಳಗಡೆಗೆ ಬರುವಂತೆ ತಿರುಗಿಸಿಟ್ಟು ಹೋದ.

* * *

ಮೌಸನ್ನು ಬಿಡಿಸಿಕೊಂಡು ಮೆಟ್ಟಿಲ ಕೆಳಗಿನ ಅಂಗಡಿಗೆ ಮರಳಿದ ರೇಡಿಯೋ ತಾತ ಬಾಗಿಲು ಹಾಕಿಕೊಂಡು ನೆಲದ ಮೇಲೆ ಮಂಡಿಯೂರಿದ. ಕಸದಲ್ಲಿ, ತಂತಿಯ ಚೂರುಗಳ ನಡುವೆ, ಆ ನೀಲಿ ದಾರ ಇನ್ನೂ ಇತ್ತು. ಬೆರಳಲ್ಲಿ ಬಿಡಿಸಿ, ಎಣ್ಣೆ ಒರೆಸಿ, ಕಾಗದದಲ್ಲಿಟ್ಟುಕೊಂಡು ಅಕ್ಕನ ಕೋಣೆಗೆ ಹೋದ.

ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಶಾಲು ಹೊದ್ದಿರಲಿಲ್ಲ. ಅದರ ಅಂಚು ಒಂದು ಮೂಲೆಯಲ್ಲಿ ಬಿಚ್ಚಿಕೊಂಡಿದ್ದುದು ಅವನಿಗೆ ಈಗ ಕಂಡಿತು.

"ಬಾ, ನೋಡು," ಎಂದು ಅವಳೇ ಕೈ ಮುಂದೆ ಚಾಚಿದಳು. "ನೋಡ್ಬೇಕು ಅಂತ ತಾನೇ ಬಂದಿದ್ದು?"

"ಡಾಕ್ಟ್ರಿಗೆ ತೋರಿಸಿದ್ಯಾ?"

"ತೋರಿಸಿದೆ. ಮಾತ್ರೆ ಕೊಟ್ರು. ನಿಧಾನ ಆಗತ್ತೆ, ಹೋಗೋದಂತೂ ಅಲ್ಲ ಅಂದ್ರು."

"ನನಗೊಂದು ಮಾತು ಹೇಳ್ಬಾರದಿತ್ತಾ ಅಕ್ಕ?"

"ಹೇಳಿದ್ರೆ ನೀನು ನನ್ನ ಕೈ ರಿಪೇರಿ ಮಾಡೋಕೆ ಬರ್ತಿದ್ದೆ. ನನಗೆ ಬೇಕಾಗಿದ್ದು ಬರೀ ಬಾಲ." ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಮೊದಮೊದಲು ಆ ಜಿಡ್ಡೇ ಸಾಕಾಗ್ತಿತ್ತು. ನಡುಕ ಎಲ್ಲಾ ಅದರಲ್ಲೇ ಮುಳುಗಿ ಹೋಗ್ತಿತ್ತು, ದೊಡ್ಡದಾಗಿ ತಳ್ಳಿದ್ದು ಮಾತ್ರ ಆ ಕಡೆ ದಾಟ್ತಿತ್ತು. ಆಮೇಲೆ ಸಾಲಲಿಲ್ಲ. ಶಾಲಿಂದ ಒಂದೆಳೆ ಬಿಡಿಸಿ ಸುತ್ತಿದೆ. ಕೈ ಕೆಟ್ಟ ಹಾಗೆ ಸುತ್ತು ಜಾಸ್ತಿ ಮಾಡ್ತಾ ಬಂದೆ. ಕೊನೇ ಗಂಟು ಹಲ್ಲಲ್ಲಿ ಕಚ್ಚಿ ಹಾಕಿದ್ದು ಕಣೋ. ನಿನಗೆ ಹಾಗೆ ಹಾಕೋಕೂ ಆಗಲ್ಲ, ಹಲ್ಲೇ ಇಲ್ಲ."

ಅವನಿಗೆ ನಗಲಾಗಲಿಲ್ಲ. ಕಾಗದ ಬಿಚ್ಚಿ ದಾರ ತೋರಿಸಿದ. ಅವಳು ಹೇಳಿದಂತೆ, ಅವಳ ಕಣ್ಣೆದುರಿಗೇ, ಉರುಳೆಗಳಿಗೆ ಮತ್ತೆ ಸುತ್ತಿದ. ಬಿಗಿಯಾಯ್ತು, ಸ್ವಲ್ಪ ಬಿಡು. ಈಗ ಸಡಿಲ, ಎಳಿ. ಇನ್ನೊಂದು ಸುತ್ತು. ಕೊನೆಗೆ ಅವಳು ಮೌಸನ್ನು ಮೊಣಕಾಲ ಮೇಲೆ ಉರುಳಿಸಿ ನೋಡಿ, "ಹೂಂ, ಇಷ್ಟೇ ಇತ್ತು," ಎಂದಳು. ಅವನು ಎದ್ದ.

"ಎಲ್ಲಿಗೆ?"

"ಯಜಮಾನನಿಗೆ ತೋರಿಸ್ತೀನಿ."

"ಮೌಸು ತೋರಿಸ್ತೀಯ. ಅವನು ಕೈ ನೋಡಿ ಆಯ್ತಲ್ಲ ಪುಟ್ಟ."

ಆದರೂ ಹೋದ. ಚಿಕ್ಕ ಯಜಮಾನ ಕೂರಿಸಿ, ಪೂರ್ತಿ ಕೇಳಿಸಿಕೊಂಡ. ಅವಳ ಕುರ್ಚಿಯಲ್ಲಿ ಆಗಲೇ ಹೊಸಬನೊಬ್ಬ ಕೂತು, ಕೆಂಪು ದೀಪದ ಮೌಸನ್ನು ಎರಡೇ ಬೆರಳಲ್ಲಿ ಆಡಿಸುತ್ತಿದ್ದ.

"ತಾತ, ನಿಮ್ಮ ಕೆಲಸ ಚೆನ್ನಾಗಿದೆ. ಇಲ್ಲ ಅನ್ನಲ್ಲ," ಎಂದ ಚಿಕ್ಕ ಯಜಮಾನ. "ಗೊತ್ತಿಲ್ಲದೆ ಇದ್ದಿದ್ರೆ ಇನ್ನೂ ಎಷ್ಟೋ ದಿನ ನಡೀತಿತ್ತು. ಈಗ ಗೊತ್ತಾಗಿದೆ. ಗೊತ್ತಿದ್ದೂ ಕೂರಿಸೋಕೆ ನನ್ನ ಕೈಲಿ ಆಗಲ್ಲ. ಸತ್ತೋರ ಹೆಸರು ತಾತ ಅದು, ಒಂದು ಸಲ ಕಲ್ಲಿಗೆ ಬಿದ್ರೆ ಅಳಿಸೋಕಾಗಲ್ಲ. ಮನೆಗೆ ಕಳಿಸ್ತಿಲ್ಲವಲ್ಲ, ಅಂಗಳದಲ್ಲಿ ಇಟ್ಕೋತೀನಿ."

ಅದನ್ನು ಅವನು ಉಪಕಾರವೆಂದೇ ತಿಳಿದು ಹೇಳಿದ. ರೇಡಿಯೋ ತಾತ ಮೌಸನ್ನು ಜೇಬಿಗೆ ಹಾಕಿಕೊಂಡು ಎದ್ದು ಬಂದ.

* * *

ಆ ವಾರವೆಲ್ಲ ಅಂಗಡಿಗೆ ಬಂದದ್ದನ್ನು ಒರೆಸಲು ಹೋದಾಗ ಅವನ ಕೈ ತಡೆಯುತ್ತಿತ್ತು. ಒಬ್ಬ ಹೆಂಗಸು ತಂದ ಟೇಬಲ್ ಫ್ಯಾನಿನ ಕುತ್ತಿಗೆಗೆ ಚಿಂದಿ ಬಟ್ಟೆ ಕಟ್ಟಿತ್ತು. "ಇದು ನೀವೇ ಕಟ್ಟಿದ್ದಾ? ತೆಗೀಬಹುದಾ?" ಎಂದು ಕೇಳಿದ. ಚಿಂದಿಯನ್ನೂ ಕೇಳಿ ತೆಗೆಯುತ್ತಾರಾ ಎಂದು ಅವಳು ನಕ್ಕಳು. ಅವನು ಮತ್ತೂ ಕೇಳಿದ ಮೇಲೆ ನಗು ನಿಲ್ಲಿಸಿ ಅವನ ಮುಖ ನೋಡಿದಳು.

ಶನಿವಾರ ಸಂಜೆ ಅಂಗಳಕ್ಕೆ ಹೋದ. ಅಕ್ಕ ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು, ಶಾಲನ್ನು ಸೊಂಟಕ್ಕೆ ಬಿಗಿದು, ತಗ್ಗಾದ ಮಣೆಯ ಮೇಲೆ ಕೂತು ಕಲ್ಲು ಉಜ್ಜುತ್ತಿದ್ದಳು. ಮುಖದ ಮೇಲೆ ಬೂದು ಹುಡಿ ಕೂತಿತ್ತು. ಬಲಗೈಯಲ್ಲಿ ಬಿರುಗೂದಲಿನ ಬ್ರಷ್ಷು.

"ಬಂದ್ಯಾ? ನೋಡು, ಇಲ್ಲಿ ನನ್ನ ಕೈ ಎಷ್ಟು ಚೆನ್ನಾಗಿ ಕೆಲಸಕ್ಕೆ ಬರತ್ತೆ," ಎಂದಳು. "ಬ್ರಷ್ಷು ಹಿಡ್ಕೊಂಡು ಸುಮ್ಮನೆ ಕೂತ್ರೆ ಸಾಕು. ಉಜ್ಜೋದು ಅದೇ ಉಜ್ಜತ್ತೆ."

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಸಣ್ಣದು, ಒಣಗಿದ್ದು. ಇಬ್ಬರೂ ಅದನ್ನು ಕೇಳಿಸಿಕೊಳ್ಳದವರಂತೆ ಇದ್ದರು.

"ಸುಮ್ನೆ ನಿಲ್ಬೇಡ. ಆ ಕಡೆ ಹಿಡಿ, ಇದನ್ನ ಮಗ್ಗುಲಿಗೆ ಹೊರಳಿಸ್ಬೇಕು."

ಅವನು ಪಂಚೆ ಎತ್ತಿ ಕಟ್ಟಿ ಕಲ್ಲಿನ ಒಂದು ಬದಿ ಹಿಡಿದ. ಚಿಕ್ಕ ಕಲ್ಲು, ಕಪ್ಪನೆಯದು. ಅಕ್ಕ ಚೊಂಬಿನಿಂದ ನೀರು ಹುಯ್ದಳು. ಅರ್ಧ ನೀರು ಕಲ್ಲಿಗೆ, ಅರ್ಧ ನೆಲಕ್ಕೆ. ಹುಡಿ ತೊಳೆದುಹೋದ ಹಾಗೆ ಮೂರಕ್ಷರ ಮೇಲೆದ್ದು ಬಂತು. ಮಗುವಿನ ಕೈಯ ಅಕ್ಷರವೇ. ಹೊಸಬನ ಗೆರೆ ನಡುಗಿರಲಿಲ್ಲ, ಒತ್ತಿ ಬರೆದ ಹಾಗೇ ದಪ್ಪಗೆ, ಗಟ್ಟಿಯಾಗಿ ಇಳಿದಿತ್ತು. ರೇಡಿಯೋ ತಾತನಿಗೆ ಒಂದು ಗಳಿಗೆ ಸಮಾಧಾನವೇ ಆಯಿತು. ಆ ಮನುಷ್ಯನಿಗಾದರೂ ಸಿಕ್ಕಿತಲ್ಲ.

ಅಕ್ಕ ಮಾತ್ರ ಬ್ರಷ್ಷು ಕೆಳಗಿಟ್ಟು, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟಳು. ಬೆರಳು ಅದುರುತ್ತಲೇ ಗೆರೆಯ ಹಳ್ಳದಲ್ಲಿ ಸಾಗಿ, ಕೊನೆಯ ತಿರುವಿನ ಹತ್ತಿರ ನಿಂತಿತು.

"ಬಾಲ ಬಲಕ್ಕೆ ತಿರುಗಿಸಿಬಿಟ್ಟಿದಾನೆ," ಎಂದಳು.

ಅವನೂ ಬಗ್ಗಿ ನೋಡಿದ. ಹೌದು. ಬಾಲ ಸರಿಯಾಗಿ, ಎಲ್ಲರೂ ಬರೆಯುವ ಹಾಗೆ, ಬಲಕ್ಕೆ ಹೊರಳಿತ್ತು. ಹೊಸಬನಿಗೆ ಯಾರೂ ಹೇಳಿರಲಿಲ್ಲ. ಮಗು ತಪ್ಪು ಬರೆದಿದೆ ಎಂದುಕೊಂಡು, ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದ.

"ಅಲ್ಲೂ ನಿನ್ನಂಥೋನೊಬ್ಬ ಸಿಕ್ಕಿದಾನೆ ನೋಡು," ಎಂದಳು ಅಕ್ಕ. "ಕೊಳೆ ತೆಗೆದು ಕೊಟ್ಟಿದಾನೆ."

"ಯಜಮಾನನಿಗೆ ಹೇಳೋಣ. ಇನ್ನೊಂದು ಕಲ್ಲು..."

"ಹೇಳಿದೀನಿ ಮಧ್ಯಾಹ್ನವೇ. ಮೂರಕ್ಷರದ ಮೇಲೆ ಹುಡಿ ಇತ್ತು, ಆದ್ರೂ ನನಗೆ ಗೊತ್ತಾಯ್ತು. ಕೆತ್ತಿ ಆಗಿದೆ, ಇಷ್ಟಕ್ಕೆಲ್ಲ ಯಾರು ನೋಡ್ತಾರೆ ಅಂದ."

"ಆಮೇಲೆ?"

"ಆಮೇಲೇನು. ನಾಳೆ ಬೆಳಗ್ಗೆ ಮಗೂನ ಅಪ್ಪ ಬರ್ತಾನೆ ತಗೊಂಡು ಹೋಗೋಕೆ. ಕೊಡೋಕೆ ನಾನೇ ಇರ್ತೀನಿ ಇಲ್ಲಿ. ಹಿಡಿ, ಬೀಳಿಸ್ಬೇಡ."

ಅವನು ಹಿಡಿದುಕೊಂಡ. ತಣ್ಣನೆಯ ನೀರು ಅಂಗಿಯ ತೋಳಿನೊಳಗೆ ಇಳಿಯಿತು. ಅಕ್ಕ ಮತ್ತೆ ಬ್ರಷ್ಷು ತೆಗೆದುಕೊಂಡು ಆ ಬಾಲವಿದ್ದ ಜಾಗವನ್ನು ಉಜ್ಜತೊಡಗಿದಳು. ಅಲ್ಲಿ ಉಜ್ಜುವಂಥದ್ದು ಏನೂ ಉಳಿದಿರಲಿಲ್ಲ.